ಮಗು ಮನೆಗೆ ಬಂದು "ಆಟ ಆಡಿದ್ವಿ" ಅಂತ ಮಾತ್ರ ಹೇಳುತ್ತೆ: ಒಂದನೇ ಕ್ಲಾಸಿನ ದಿನದಲ್ಲಿ ನಿಜಕ್ಕೂ ಏನು ನಡೆಯುತ್ತೆ?

ತೆಂಗಿನತೋಟ (ತಿಪಟೂರು)

ಎಲ್ಲರಿಗೂ ನಮಸ್ಕಾರ. ಮಗಳನ್ನು ಈ ಜೂನ್‌ನಲ್ಲಿ ನಮ್ಮೂರ ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರಿಸಿದ್ದೇವೆ. ಶಾಲೆ ಅಂದ್ರೆ ಅವಳಿಗೆ ಪ್ರಾಣ, ಭಾನುವಾರ ಬಂದ್ರೆ ಮುಖ ಸಣ್ಣ ಮಾಡ್ಕೊಳ್ತಾಳೆ. ಅದು ನನಗೆ ಸಂತೋಷವೇ. ಆದ್ರೆ ಸಂಜೆ "ಇವತ್ತು ಏನ್ ಹೇಳ್ಕೊಟ್ರು?" ಅಂತ ಕೇಳಿದ್ರೆ "ಆಟ ಆಡಿದ್ವಿ, ಕಾರ್ಡು ಮಾಡಿದ್ವಿ, ನಾನು ನಾಲ್ಕನೇ ತಟ್ಟೇಲಿ ಕೂತಿದ್ದೆ" ಅಂತಾಳೆ. ಹೋಮ್‌ವರ್ಕ್ ಇಲ್ಲ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂರ್ತಾರೆ.

ಮೊನ್ನೆ ದಿನಸಿ ಚೀಟಿಯ ಹಿಂದೆ ಅವಳೇ "ಗರಗಸ" ಅಂತ ಬರೆದು ಓದಿ ತೋರಿಸಿದಳು. ನನಗೆ ಆಶ್ಚರ್ಯ ಆಯ್ತು. ಅದೇ ಹುಡುಗಿಗೆ ಅ ಆ ಇ ಈ ಸಾಲಾಗಿ ಹೇಳು ಅಂದ್ರೆ ಬರಲ್ಲ. ಪಕ್ಕದ ಮನೆ ಮಗು ಖಾಸಗಿ ಶಾಲೆಗೆ ಹೋಗುತ್ತೆ, ದಿನಾ ಸಂಜೆ ಪುಟಗಟ್ಟಲೆ ಬರೆಯುತ್ತೆ. ನಮ್ಮತ್ತೆ ಅದನ್ನ ನೋಡಿ ನೋಡಿ "ನಮ್ ಕೂಸು ಹಿಂದೆ ಬೀಳ್ತದೆ ಕಣಮ್ಮ" ಅಂತ ಚಿಂತೆ ಮಾಡ್ತಾರೆ.

ಶಿಕ್ಷಕರನ್ನು ದೂರೋದಕ್ಕೆ ಬರೀತಿಲ್ಲ. ನಿಜವಾಗಿ ತಿಳ್ಕೋಬೇಕು. ಬೆಳಗ್ಗೆ ಹತ್ತರಿಂದ ಸಂಜೆ ತನಕ ಆ ಕೋಣೆಯಲ್ಲಿ ಏನು ನಡೆಯುತ್ತೆ? ಕಲಿತಿದ್ದಾಳೋ ಇಲ್ವೋ ಅಂತ ಮನೆಯಲ್ಲಿ ತಿಳಿಯೋದು ಹೇಗೆ?

ಕಲಿಕಾಚಪ್ಪರ (ಕಡೂರು)

ತೆಂಗಿನತೋಟ ಮೇಡಂ, ನಾನು ನಲಿ-ಕಲಿ ತರಗತಿಯ ಶಿಕ್ಷಕಿ. ನಲಿ-ಕಲಿ ಅಂದ್ರೆ ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಕಾರ್ಡು, ಆಟ, ಹಾಡಿನ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ನಿಮ್ಮ ಮಗಳು ಹೇಳಿದ ಒಂದೊಂದು ಮಾತಿಗೂ ಅರ್ಥ ಇದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು "ಗರಗಸ". ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಶುರುವಾಗೋದೇ ರ, ಗ, ಸ, ದ, ಅ ಇಂದ. ಈ ಅಕ್ಷರಗಳ ಆಕಾರ ಒಂದಕ್ಕೊಂದು ಹತ್ತಿರ, ಸಣ್ಣ ಕೈಗೆ ಬರೆಯೋದು ಸುಲಭ. ಅದಕ್ಕಿಂತ ದೊಡ್ಡ ಲಾಭ ಅಂದ್ರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಅಂತ ಅರ್ಥ ಇರೋ ಪದಗಳು ಹುಟ್ಟುತ್ತವೆ. ಆಮೇಲೆ ಜ, ವ, ಮ, ಬ, ನ ಬರುತ್ತೆ. ಆಗ ಮರ, ಜನ, ನಗರ, ಬಸವ ಎಲ್ಲ ಓದಬಹುದು. ಐವತ್ತು ಅಕ್ಷರ ಬಾಯಿಪಾಠ ಆಗೋವರೆಗೂ ಒಂದು ಪದವನ್ನೂ ಓದದೆ ಮಗು ಕಾಯಬೇಕಾಗಿಲ್ಲ. ವರ್ಣಮಾಲೆಯ ಸಾಲು ಆಮೇಲೆ ತಾನಾಗಿ ಕೂಡುತ್ತೆ. ನಿಮ್ಮ ಅತ್ತೆಯವರಿಗೆ ದಯವಿಟ್ಟು ಇದನ್ನ ಹೇಳಿ: ಮಗು ಓದೋದಕ್ಕೆ ಶುರು ಮಾಡಿದೆ.

ಇನ್ನು "ನಾಲ್ಕನೇ ತಟ್ಟೆ". ಮಕ್ಕಳು ತರಗತಿ ಪ್ರಕಾರ ಕೂರಲ್ಲ, ಮಾಡೋ ಕೆಲಸದ ಪ್ರಕಾರ ಐದು ಗುಂಪಾಗಿ ಕೂರ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯದಕ್ಕೆ ಸ್ವಲ್ಪ ಸಹಾಯ. ಮೂರನೆಯದರಲ್ಲಿ ಸಹಪಾಠಿಗಳ ಪೂರ್ತಿ ಸಹಾಯ, ನಾಲ್ಕನೆಯದರಲ್ಲಿ ಸಹಪಾಠಿಗಳ ಸ್ವಲ್ಪ ಸಹಾಯ, ಐದನೆಯದು ಸ್ವಕಲಿಕೆ. ಅಂದ್ರೆ ನಿಮ್ಮ ಮಗಳು ಆ ದಿನ ಟೀಚರ್ ಪಕ್ಕದಲ್ಲಿ ಇಲ್ಲದೆ, ಗೆಳತಿಯ ಹತ್ತಿರ ಅಲ್ಲಲ್ಲಿ ಕೇಳಿಕೊಂಡು ಕೆಲಸ ಮುಗಿಸಿದ್ದಾಳೆ. ಒಂದನೇ ತರಗತಿ ಮಗುವಿಗೆ ಅದು ಕಡಿಮೆ ಅಲ್ಲ.

ನನ್ನ ಕೋಣೆಯ ಒಂದು ಬೆಳಗ್ಗೆ ಹೀಗಿರುತ್ತೆ. ಹಾಲು ಕುಡಿದು, ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆ ಮುಗಿಸಿ ಒಳಗೆ ಬರ್ತಾರೆ. ಒಂದು ಮಗು ಹವಾಮಾನ ನಕ್ಷೆಗೆ ಗುರುತು ಹಾಕುತ್ತೆ: ಬಿಸಿಲೋ, ಮೋಡವೋ, ಮಳೆಯೋ. ತಿಂಗಳ ಕೊನೆಗೆ ಎಷ್ಟು ದಿನ ಬಿಸಿಲು, ಎಷ್ಟು ದಿನ ಮಳೆ ಅಂತ ಎಣಿಸಿ ಹೋಲಿಸ್ತಾರೆ. ಹೆಚ್ಚು-ಕಡಿಮೆ, ಕೂಡು-ಕಳೆ ಎಲ್ಲ ಅಲ್ಲೇ ಬರುತ್ತೆ. ಆಮೇಲೆ ಎಲ್ಲರೂ ಸೇರಿ ಒಂದು ಹಾಡು ಇಲ್ಲವೇ ಕಥೆ. ನಂತರ ಪ್ರತಿ ಮಗು ಗೋಡೆಯ ಮೇಲಿನ ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳನ್ನ ಚಿತ್ರಗಳಲ್ಲಿ ಸಾಲಾಗಿ ತೋರಿಸೋ ಪಟ) ನೋಡಿ, ತಾನು ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಅಂತ ಕಂಡುಕೊಂಡು, ಮುಂದಿನ ಮೆಟ್ಟಿಲಿನ ಲೋಗೊ, ಅಂದ್ರೆ ಗುರುತಿನ ಚಿತ್ರ, ಇರೋ ಕಾರ್ಡನ್ನ ಟ್ರೇಯಿಂದ ತಾನೇ ತರುತ್ತೆ.

ಈ ತರೋ ಕೆಲಸವನ್ನ ಹೊರಗಿನವರು ಗಮನಿಸೋದೇ ಇಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಮಾತು ಬಹಳ ಕಡಿಮೆ. ಏಣಿಯ ಮುಂದೆ ನಿಂತು ಬೆರಳಿಟ್ಟು ಒಂದೊಂದೇ ಚಿತ್ರ ದಾಟಿ, ತನ್ನ ಚಿತ್ರ ಬಂದ ಕೂಡಲೇ ಅದರ ಮೇಲೆ ಬೆರಳು ಒತ್ತಿ ಹಿಡ್ಕೊಂಡೇ ತಲೆ ತಿರುಗಿಸಿ ಟ್ರೇ ಹುಡುಕ್ತಾನೆ. ಜಾಗ ತಪ್ಪಿ ಹೋದೀತು ಅನ್ನೋ ಭಯ. ಈಗೀಗ ಬೆರಳು ತೆಗೆದು ನಡೀತಾನೆ, ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತೆ. ನಾನು ಅದನ್ನ ನೋಡಿ ಆ ದಿನ ಅವನಿಗೆ ಹೊಸ ಅಕ್ಷರ ಕೊಟ್ಟೆ.

ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಅದರದೇ ಜಾಗ, ಮೇಲೆ ಹೆಸರು. ಅಲ್ಲಿ ಬರೀತಾರೆ, ಅಳಿಸ್ತಾರೆ, ಮತ್ತೆ ಬರೀತಾರೆ. ನೋಟ್‌ಬುಕ್‌ನಲ್ಲಿ ಕಾಣದ ಬರವಣಿಗೆ ಇಲ್ಲಿದೆ. ಸಂಜೆಗೆ ಅದು ಅಳಿಸಿರುತ್ತೆ, ಮನೆಗೆ ಬರೋದಿಲ್ಲ.

ಹೋಮ್‌ವರ್ಕ್ ಬಗ್ಗೆ: ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದು ಅಂತ 2019ರಲ್ಲಿ ಸರ್ಕಾರದ ಆದೇಶವೇ ಇದೆ. ಬ್ಯಾಗಿನ ತೂಕ 2 ಕೆಜಿ ದಾಟಬಾರದು ಅಂತಲೂ ಅದರಲ್ಲೇ ಇದೆ. ಈ ಆದೇಶ ಖಾಸಗಿ ಶಾಲೆಗೂ ಸೇರಿಯೇ.

ಹಳೇ ವಿದ್ಯಾರ್ಥಿ (ಬೆಂಗಳೂರು)

ಟೀಚರ್, ವಿವರ ಓದಿ ಖುಷಿ ಆಯ್ತು. ಆದ್ರೆ ನನ್ನದೊಂದು ಪ್ರಾಮಾಣಿಕ ಪ್ರಶ್ನೆ. ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವನು. ನಮ್ಮ ಕಾಲದಲ್ಲಿ ಸಂಜೆ ಬಿಡೋ ಮುಂಚೆ ಇಡೀ ಶಾಲೆ ಎದ್ದು ನಿಂತು ಮಗ್ಗಿ ಹೇಳ್ತಿದ್ವಿ. ಕಾಗುಣಿತವನ್ನೂ ಹಾಗೇ ರಾಗವಾಗಿ ಹೇಳ್ತಿದ್ವಿ. ಆ ರಾಗ ಇವತ್ತಿಗೂ ನಾಲಿಗೆ ಮೇಲಿದೆ. ಅಂಗಡಿಯಲ್ಲಿ ಲೆಕ್ಕ ಹಾಕುವಾಗ ಮೊಬೈಲ್ ತೆಗೆಯೋ ಪ್ರಮೇಯವೇ ಬರಲ್ಲ. ಅದನ್ನೆಲ್ಲ "ಕಂಠಪಾಠ" ಅಂತ ಕೀಳಾಗಿ ನೋಡೋದು ಸರಿಯಾ? ಕಾರ್ಡು, ಚಿತ್ರ, ಹಾಡು ಚೆನ್ನಾಗಿದೆ. ಆದ್ರೆ ಮುಂದೆ ಮಗು ಸ್ಪರ್ಧೆ ಎದುರಿಸಬೇಕಲ್ವಾ? ಇಂಗ್ಲಿಷ್ ಕಥೆ ಏನು?

ಕೃಷ್ಣಾತೀರ (ಲಿಂಗಸುಗೂರು)

ನಮಸ್ಕಾರ್ರೀ ಎಲ್ಲಾರಿಗೂ. ನಾ ನಿವೃತ್ತ ಶಿಕ್ಷಕ. ಹಳೇ ವಿದ್ಯಾರ್ಥಿ ಅವ್ರ ಮಾತಿನ್ಯಾಗ ಅರ್ಧ ನಾ ಒಪ್ಪತೀನಿ. ಮಗ್ಗಿ ಬಾಯಾಗ ಇರಬೇಕು. ಅದನ್ನ ನಲಿ-ಕಲಿ ಬ್ಯಾಡ ಅಂದಿಲ್ಲ. ಹುಣಸೀ ಬೀಜ ಎರಡೆರಡು ಗುಂಪು ಮಾಡಿ, ಮೂರ್ಮೂರು ಗುಂಪು ಮಾಡಿ ಇಟ್ಟು ನೋಡಿ, ಆ ಮ್ಯಾಲ ಬಾಯಿಲೆ ಹೇಳಸ್ರಿ ಅಂತದ. ಬೀಜ ಮೊದಲು, ಬಾಯಿ ಆಮ್ಯಾಲ. ಹಿಂಗ ಮಾಡಿದ್ರ ಹುಡುಗ "ಮೂರು ನಾಕ್ಲೆ ಹನ್ನೆರಡು" ಅನ್ನೋದು ಮರೆತ್ರೂ ಬೀಜ ಇಟ್ಟು ಹುಡುಕ್ಕೊಂತಾನ.

ಆದ್ರ ನಾ ಹೇಳಬೇಕಂದದ್ದು ಬ್ಯಾರೆ. ನಮ್ಮ ಕಡಿ ದೀಪಾವಳಿ ಮುಗೀತಂದ್ರ ಗುಳೆ ಸುರು. ತಾಯಿ-ತಂದಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ, ಇಲ್ಲಾಂದ್ರ ಕಬ್ಬು ಕಡಿಲಿಕ್ಕ ಹೋಗ್ತಾರ. ಸಣ್ಣ ಹುಡುಗ್ರನ್ನ ಯಾರ ಹತ್ತಿರ ಬಿಡಬೇಕು? ಜೋಡಿ ಕರಕೊಂಡು ಹೋಗ್ತಾರ. ವಾಪಸ್ ಬರೋದು ಯುಗಾದಿ ಮುಂದ. ಹಳೇ ಪದ್ಧತಿಯೊಳಗ ಆ ಹುಡುಗ ಬಂದು ಕೂತ್ರ ಪಾಠ ಎಲ್ಲೋ ಮುಂದ ಹೋಗಿರ್ತಿತ್ತು. ಏನೂ ತಿಳೀತಿದ್ದಿಲ್ಲ, ನಾಕು ದಿನ ಸುಮ್ನ ಕೂತು ಐದನೇ ದಿನಕ್ಕ ದನ ಕಾಯಲಿಕ್ಕ ಹೋಗ್ತಿದ್ದ. ಅಲ್ಲಿಗೆ ಅವನ ಸಾಲಿ ಮುಗೀತು.

ಏಣಿ ಬಂದ ಮ್ಯಾಲ ಇದು ಬದಲಾತು. ಹುಡುಗ ಯಾವ ಮೆಟ್ಟಲ ಮ್ಯಾಲ ಬಿಟ್ಟು ಹೋಗಿದ್ನೋ ಅಲ್ಲಿಂದಲೇ ಸುರು. "ನೀ ಹಿಂದ ಬಿದ್ದಿ" ಅಂತ ಯಾರೂ ಅನ್ನಂಗಿಲ್ಲ, ಯಾಕಂದ್ರ ಬಾಜು ಕೂತಾಂವನೂ ಬ್ಯಾರೆ ಮೆಟ್ಟಲ ಮ್ಯಾಲೆ ಇರ್ತಾನ. ಒಂದು ಹುಡುಗಿ ಗುಳೆಯಿಂದ ಬಂದಾಕಿ ಚೀಲ ಕೆಳಗ ಇಡೋಕಿಂತ ಮೊದಲ ಗೋಡೆ ಹತ್ರ ಓಡಿ, "ಸರ್, ನನ್ನ ಹೆಸರು ಅಳಿಸಿಲ್ಲ!" ಅಂದ್ಲು. ಆಕಿ ಜಾಗ ಹಂಗೇ ಬಿಟ್ಟಿದ್ವಿ. ಮೂರೂ ತರಗತಿ ಒಂದೇ ಕೋಣ್ಯಾಗ ಕೂಡೋದು ಕಷ್ಟ ಅಂತ ಪಟ್ಟಣದವ್ರಿಗೆ ಅನಿಸ್ತದ. ಇಂಥಾ ಹುಡುಗ್ರಿಗೆ ಅದೇ ಆಸರ.

ತೆಂಗಿನತೋಟ (ತಿಪಟೂರು)

ಗುರುಗಳೇ, ಆ ಹುಡುಗಿಯ ಮಾತು ಓದಿ ಕಣ್ಣು ತುಂಬಿ ಬಂತು. ಟೀಚರ್, ನಿಮ್ಮ ಉತ್ತರವನ್ನ ಅತ್ತೆಗೆ ಪೂರ್ತಿ ಓದಿ ಹೇಳಿದೆ. "ಹಂಗಾದ್ರೆ ಗರಗಸ ಓದಿದ್ದು ಸುಮ್ನೆ ಅಲ್ಲ" ಅಂದ್ರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ತೆಂಗಿನಕಾಯಿ ಲೆಕ್ಕದಲ್ಲಿ ಅವರನ್ನ ಮೀರಿಸೋರು ನಮ್ಮ ಮನೇಲಿ ಇಲ್ಲ. ಎರಡು ಕೈಯಲ್ಲೂ ಜೋಡಿ ಜೋಡಿ ಎತ್ತಿ ರಾಶಿಗೆ ಹಾಕ್ತಾ ಎಣಿಸ್ತಾರೆ. ಈಗ ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎಣಿಸೋಕೆ ಶುರು ಮಾಡಿದ್ದಾರೆ.

ಅಡಿಕೆಸೀಮೆ (ಸಾಗರ)

ಅಕ್ಕ, ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಓದ್ತಾರೆ. ತರಗತಿಯ ವಿಷಯ ಟೀಚರ್ ಹೇಳಿದ್ರು, ನಾನು ಅಡುಗೆಮನೆ ವಿಷಯ ಹೇಳ್ತೀನಿ. ಅಲ್ಲಿ ಎಷ್ಟು ಪಾಠ ನಡೆಯುತ್ತೆ ಅಂತ ತಂದೆ-ತಾಯಿಗಳಿಗೆ ಗೊತ್ತೇ ಇರಲ್ಲ.

ನಮ್ಮಲ್ಲಿ ಬೆಳಗ್ಗೆ ಹಾಜರಾತಿ ಆದ ಕೂಡಲೇ ಒಂದು ಮಗು ಅಡುಗೆಯವರಿಗೆ ಸಂಖ್ಯೆ ಹೇಳೋಕೆ ಹೋಗ್ಬೇಕು. ಒಂದನೇ ತರಗತಿಯಿಂದ ಐದರವರೆಗೆ ಒಟ್ಟು ಎಷ್ಟು ಜನ, ಅದರಲ್ಲಿ ಮೊಟ್ಟೆ ತಿನ್ನೋರು ಎಷ್ಟು, ಬಾಳೆಹಣ್ಣು ಬೇಕಾದವರು ಎಷ್ಟು. ವಾರಕ್ಕೊಬ್ಬರ ಸರದಿ. ಎರಡನೇ ತರಗತಿ ಮಕ್ಕಳೇ ಇದನ್ನ ಮಾಡ್ತಾರೆ. ಲೆಕ್ಕ ತಪ್ಪಿದ್ರೆ ಒಬ್ಬರಿಗೆ ಮೊಟ್ಟೆ ಇಲ್ಲ, ಹಾಗಾಗಿ ಎರಡೆರಡು ಸಲ ಎಣಿಸ್ತಾರೆ. ಯಾವ ಪರೀಕ್ಷೆಗೂ ಅಷ್ಟು ಶ್ರದ್ಧೆ ನಾನು ನೋಡಿಲ್ಲ.

ಐದನೇ ತರಗತಿಯವರಿಗೆ ಅಳತೆ ಪಾಠ ಬಂದಾಗ ಮೇಷ್ಟ್ರು ಅವರನ್ನ ಉಗ್ರಾಣದ ಮುಂದೆ ನಿಲ್ಲಿಸಿದ್ರು. ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಕ್ಷೀರಭಾಗ್ಯದ ಹಾಲಿಗೆ ತಲಾ 18 ಗ್ರಾಂ ಪುಡಿ, ಅದರಿಂದ 150 ಎಂಎಲ್ ಹಾಲು. ಆ ದಿನ ಹಾಜರಿದ್ದವರು 43 ಮಕ್ಕಳು. ಅಕ್ಕಿ 4 ಕೆಜಿ 300 ಗ್ರಾಂ ಅಂತ ತಕ್ಷಣ ಹೇಳಿದ್ರು. ಬೇಳೆ 860 ಗ್ರಾಂ. ಹಾಲಿನ ಪುಡಿಗೆ ಮಾತ್ರ ತಡವರಿಸಿದ್ರು. 43ನ್ನ 18ರಿಂದ ಗುಣಿಸಬೇಕಲ್ಲ. ಒಬ್ಬಳು "ಇಪ್ಪತ್ತರಿಂದ ಗುಣಿಸಿ ಎರಡರದ್ದು ಕಳೆದ್ರೆ ಆಯ್ತು" ಅಂದ್ಲು. 860ರಲ್ಲಿ 86 ಕಳೆದು 774 ಗ್ರಾಂ. ಬೇಳೆಗೆ ಹಾಕಿದ ಲೆಕ್ಕವನ್ನೇ ಇಲ್ಲಿಗೆ ತಂದಳು! ಅಡುಗೆಯಕ್ಕ ತಕ್ಕಡಿಯಲ್ಲಿ ತೂಗಿ ತೋರಿಸಿದ್ರು. ಆ ಮೇಲೆ ಮಕ್ಕಳು ಅಡುಗೆಯಕ್ಕನನ್ನೂ ಮೇಷ್ಟ್ರ ಹಾಗೇ ಮಾತಾಡಿಸ್ತಾರೆ.

ಹಳೇ ವಿದ್ಯಾರ್ಥಿ ಸರ್, ನೀವು ಹೇಳಿದ ಮಗ್ಗಿ ಗೊತ್ತಿಲ್ಲದಿದ್ರೆ ಆ ಹುಡುಗಿ ಇದನ್ನ ಹೇಳ್ತಿರಲಿಲ್ಲ, ಒಪ್ತೀನಿ. ಮಗ್ಗಿ ಎಲ್ಲಿ ಬಳಸ್ಬೇಕು ಅಂತ ತಿಳಿದದ್ದು ಮಾತ್ರ ತಕ್ಕಡಿ ಮುಂದೆ.

ಹಿತ್ತಲಲ್ಲಿ ಕೈತೋಟ ಇದೆ. ಬಸಳೆ, ನುಗ್ಗೆ, ಕರಿಬೇವು. ಮಲೆನಾಡ ಮಳೆಗೆ ಆಗಸ್ಟ್‌ವರೆಗೂ ಏನೂ ನಿಲ್ಲಲ್ಲ, ಆಮೇಲೆ ಬಸಳೆ ಚಪ್ಪರ ತುಂಬಿಬಿಡುತ್ತೆ.

ಕರಿಹಲಗೆ (ಹುಣಸೂರು)

ಎಲ್ಲರೂ ಒಳ್ಳೆಯ ಮಾತೇ ಹೇಳಿದ್ದೀರಿ. ನಾನು ನಾಲ್ಕು-ಐದನೇ ತರಗತಿಗೆ ಪಾಠ ಮಾಡೋನು. ಇನ್ನೊಂದು ಕಡೆಯನ್ನೂ ಹೇಳಲೇಬೇಕು, ಇಲ್ಲದಿದ್ರೆ ಈ ತಾಯಿಗೆ ಅರ್ಧ ಚಿತ್ರ ಮಾತ್ರ ಸಿಕ್ಕಂತಾಗುತ್ತೆ.

ನಲಿ-ಕಲಿ ಹುಟ್ಟಿದ್ದು ನಮ್ಮ ಪಕ್ಕದ ತಾಲ್ಲೂಕು ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಶಾಲೆಗಳನ್ನ ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕೂತು, ಯುನಿಸೆಫ್ ನೆರವಿನಿಂದ, ನಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನ ಮಾಡಿದ್ರು. ಮೇಲಿಂದ ಬಂದ ಯೋಜನೆ ಅಲ್ಲ, ಶಿಕ್ಷಕರ ಕೈಯಲ್ಲಿ ಬೆಳೆದದ್ದು. ನನ್ನ ಹಿರಿಯ ಸಹೋದ್ಯೋಗಿಗಳು ಆ ಕಾಲವನ್ನ ನೆನೆಸ್ಕೊಂಡ್ರೆ ಈಗಲೂ ಅವರ ಮುಖ ಅರಳುತ್ತೆ. 2009ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಬಂತು. ಅಷ್ಟು ದೊಡ್ಡದಾಗಿ ಹರಡಿದಾಗ ಎಲ್ಲ ಕಡೆ ಆ ಉತ್ಸಾಹ ಇರೋದು ಸಾಧ್ಯವಿಲ್ಲ. ಕಾರ್ಡು ಹರಿದಿರುತ್ತೆ, ಹೊಸ ಸೆಟ್ ಬರೋದು ತಡ. ಒಬ್ಬರೇ ಶಿಕ್ಷಕಿ ಮೂರು ತರಗತಿ ನೋಡ್ಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬಿ, ಮೀಟಿಂಗಿಗೂ ಓಡ್ಬೇಕು. ಶಿಕ್ಷಕಿ ಆಫೀಸ್ ಕೆಲಸಕ್ಕೆ ಹೋದ ದಿನ ಐದೂ ತಟ್ಟೆ ಸ್ವಕಲಿಕೆಯೇ ಆಗಿಬಿಡುತ್ತೆ.

ನನ್ನ ಮುಖ್ಯ ಚಿಂತೆ ನಾಲ್ಕನೇ ತರಗತಿ. ಮೂರು ವರ್ಷ ಕಾರ್ಡಿನಲ್ಲಿ ನಾಲ್ಕೈದು ಸಾಲು ಓದಿದ ಮಗು ಜೂನ್ ತಿಂಗಳಲ್ಲಿ ನನ್ನ ಕೋಣೆಗೆ ಬಂದು ಬೆಂಚಿನ ಮೇಲೆ ಕೂರುತ್ತೆ. ಕೈಗೆ ದಪ್ಪ ಪಠ್ಯಪುಸ್ತಕ. ಪರಿಸರ ಅಧ್ಯಯನದ ಒಂದು ಪಾಠ ಅಂದ್ರೆ ಪುಟಗಟ್ಟಲೆ ಗದ್ಯ. ಅಕ್ಷರ ಬರುತ್ತೆ, ಪದ ಬರುತ್ತೆ, ವಾಕ್ಯವೂ ಬರುತ್ತೆ. ಎರಡನೇ ಪುಟ ತಿರುಗಿಸೋ ಹೊತ್ತಿಗೆ ಮೊದಲನೇ ಪುಟ ಮರೆತಿರುತ್ತೆ. ಏಣಿ ಇಲ್ಲ, ಲೋಗೊ ಇಲ್ಲ, ಮುಂದೇನು ಮಾಡ್ಬೇಕು ಅಂತ ನನ್ನ ಮುಖ ನೋಡುತ್ತೆ. ಸೇತುಬಂಧ ಅಂತ, ಹಿಂದಿನ ತರಗತಿಯ ಕಲಿಕೆಯನ್ನ ಗಟ್ಟಿ ಮಾಡೋಕೆ, ವರ್ಷದ ಮೊದಲಿಗೆ ಕೆಲವು ದಿನ ಕೊಡ್ತಾರೆ, ಸಾಲದು.

ತೆಂಗಿನತೋಟ ಅವರೇ, ಹೆದರಬೇಡಿ. ಒಂದನೇ ತರಗತಿಯ ಬಗ್ಗೆ ಚಿಂತೆ ಬಿಡಿ. ಮೂರನೇ ತರಗತಿಯ ಕೊನೆಯಲ್ಲಿ ಅವಳು ಒಂದು ಪೂರ್ತಿ ಕಥೆಪುಸ್ತಕ ತಾನೇ ಓದಿ ನಿಮಗೆ ಹೇಳ್ತಾಳಾ ಅಂತ ನೋಡಿ. ಅದೇ ನಿಜವಾದ ಪರೀಕ್ಷೆ.

ಕಲಿಕಾಚಪ್ಪರ (ಕಡೂರು)

ಕರಿಹಲಗೆ ಸರ್, ನಾಲ್ಕನೇ ತರಗತಿ ಬಗ್ಗೆ ನೀವು ಹೇಳಿದ್ದು ನಿಜ. ನನ್ನ ಮಕ್ಕಳನ್ನ ಪಕ್ಕದ ಕೋಣೆಗೆ ಕಳಿಸುವಾಗ ನನಗೂ ಇದೇ ಸಂಕಟ. ಆದ್ರೆ ದಾರಿ ಇದೆ. ಜನವರಿಯಿಂದ ನಾನು ಮೂರನೇ ತರಗತಿಯವರಿಗೆ ಸಂಜೆಯ ಕೊನೆಯ ಅವಧಿಯನ್ನ ಓದುವ ಮೂಲೆಗೆ ಮೀಸಲಿಡ್ತೀನಿ. ಕಾರ್ಡಿಲ್ಲ, ಪ್ರಶ್ನೆಯಿಲ್ಲ. ಪುಸ್ತಕ ಆರಿಸಿ, ಓದಿ, ಎರಡನೇ ತರಗತಿಯ ಒಬ್ಬರಿಗೆ ಕಥೆ ಹೇಳ್ಬೇಕು, ಅಷ್ಟೇ. ಕೇಳೋ ಮಗು ಸುಮ್ನೆ ಕೂರಲ್ಲ. "ಆಮೇಲೆ? ಯಾಕೆ?" ಅಂತ ಪೀಡಿಸುತ್ತೆ. ಕಥೆ ಹೇಳೋ ಮಗು ಉತ್ತರಕ್ಕಾಗಿ ಹಿಂದಿನ ಪುಟಕ್ಕೆ ಹೋಗ್ಲೇಬೇಕಾಗುತ್ತೆ. ಮೂರು ತರಗತಿ ಒಂದೇ ಕೋಣೆಯಲ್ಲಿ ಇರೋದ್ರಿಂದ ಇದು ಸಾಧ್ಯ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಹೆಸರು ಬರೆಸ್ತೀನಿ, ಮಕ್ಕಳನ್ನ ಪಂಚಾಯಿತಿ ಗ್ರಂಥಾಲಯಕ್ಕೆ ಸೆಳೆಯೋ "ಓದುವ ಬೆಳಕು" ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳ ಪುಸ್ತಕ ಚೆನ್ನಾಗಿ ಬಂದಿವೆ.

ಕಾರ್ಡು ಹರಿಯೋ ವಿಷಯಕ್ಕೆ: ನಮ್ಮಲ್ಲಿ ಅಂಚಿಗೆಲ್ಲ ಅಗಲದ ಟೇಪ್ ಹಚ್ಚೋ ಕೆಲಸ ಮಕ್ಕಳದ್ದೇ. ಒಬ್ಬರಿಗೇ ಮೂರು ತರಗತಿ ಜೊತೆಗೆ ದಾಖಲೆ ಕೆಲಸ ಅನ್ನೋದಕ್ಕೆ ಮಾತ್ರ ನನ್ನ ಬಳಿ ಉತ್ತರ ಇಲ್ಲ. ಶಿಕ್ಷಕರನ್ನ ಕೊಡ್ಬೇಕು. ತಂದೆ-ತಾಯಿಗಳು ಸೇರಿ ಕೇಳಿದ್ರೆ ನಮ್ಮ ಮನವಿಗಿಂತ ಹೆಚ್ಚು ತೂಕ ಇರುತ್ತೆ.

ಇಂಗ್ಲಿಷ್ ಕೇಳಿದ್ರಲ್ಲ ಹಳೇ ವಿದ್ಯಾರ್ಥಿ ಸರ್, 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಮೊದಲು ಕೇಳೋದು, ಹಾಡೋದು, ಮಾತಾಡೋದು. ಬರವಣಿಗೆಗೆ ಅವಸರ ಇಲ್ಲ.

ಹಳೇ ವಿದ್ಯಾರ್ಥಿ (ಬೆಂಗಳೂರು)

ಎಲ್ಲರ ಉತ್ತರಕ್ಕೂ ಧನ್ಯವಾದ. 774 ಗ್ರಾಂ ಲೆಕ್ಕ ಹೇಳಿದ ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ತಲುಪಿಸಿ, ಸಾಗರದ ಮೇಡಂ. ನಮ್ಮೂರ ಶಾಲೆಯ ಹಳೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಏನಾದ್ರೂ ಕೊಡಬೇಕು ಅಂತ ಸೇರ್ತೀವಿ. ಈ ಸಲ ಗೋಡೆಗೆ ಬಣ್ಣ, ಗೇಟು ಅಂತ ಮಾತಾಗಿತ್ತು. ಬದಲಿಗೆ ಕಥೆಪುಸ್ತಕ ಕೊಟ್ರೆ ಹೇಗೆ? ಎಂಥ ಪುಸ್ತಕ ಬೇಕು?

ಕರಿಹಲಗೆ (ಹುಣಸೂರು)

ಕೊಡಿ ಸರ್, ಖಂಡಿತ ಕೊಡಿ. ತೆಳು ಪುಸ್ತಕ, ದೊಡ್ಡ ಅಕ್ಷರ, ಪುಟಕ್ಕೆರಡು ಸಾಲಿನಿಂದ ಶುರುವಾಗಿ ಪುಟ ತುಂಬ ಬರಹ ಇರೋವರೆಗೆ ಎಲ್ಲ ಹಂತದ್ದೂ ಇರಲಿ. ಒಂದೇ ಪುಸ್ತಕದ ಎರಡು ಪ್ರತಿ ಇದ್ರೆ ಇನ್ನೂ ಒಳ್ಳೇದು, ಇಬ್ಬರು ಕೂತು ಒಟ್ಟಿಗೆ ಓದ್ತಾರೆ. ಒಂದು ಮಾತು: ಬೀರುವಿಗೆ ಬೀಗ ಹಾಕದ ಹಾಗೆ ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಮಾತಾಡಿ. ಹರಿದು ಹೋದ್ರೆ ಹೋಗಲಿ, ಓದಿ ಹರಿದದ್ದು ತಾನೇ. ಜೊತೆಗೆ ಗೇಟೂ ಬೇಕಾದ್ರೆ ಮಾಡಿಸಿ, ದನ ನುಗ್ಗಿದ್ರೆ ಕೈತೋಟ ಉಳಿಯಲ್ಲ.

ಚಂದ್ರಗಿರಿ (ಕಾಸರಗೋಡು)

ನಾನು ಗಡಿಯ ಈಚೆ ಕಡೆಯವಳು. ಕೇರಳದ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಣ್ಣ ತರಗತಿಗಳ ಅಧ್ಯಾಪಿಕೆ. ನಮ್ಮಲ್ಲಿ ನಲಿ-ಕಲಿ ಇಲ್ಲ, ಪಠ್ಯವೂ ಬೇರೆ. ಆದರೆ ತಿಪಟೂರಿನವರು ಕೇಳಿದ "ಮನೆಯಲ್ಲಿ ತಿಳಿಯೋದು ಹೇಗೆ" ಎಂಬುದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಅಭ್ಯಾಸ ಉಂಟು, ಹೇಳುತ್ತೇನೆ.

ಒಂದನೇ ತರಗತಿಯ ಮಕ್ಕಳು ಸಂಯುಕ್ತ ಡೈರಿ ಬರೆಯುತ್ತಾರೆ. ಮಗು ಮತ್ತು ಮನೆಯವರು ಸೇರಿ ಬರೆಯುವ ಡೈರಿ. ರಾತ್ರಿ ಮಗು ಆ ದಿನದ ಒಂದು ಸಂಗತಿ ಬಾಯಲ್ಲಿ ಹೇಳುತ್ತದೆ. ಅದನ್ನು ಒಂದೆರಡು ವಾಕ್ಯದಲ್ಲಿ ಬರೆಯಬೇಕು. ತನಗೆ ಬರುವ ಅಕ್ಷರವನ್ನು ಮಗು ಪೆನ್ಸಿಲಿನಲ್ಲಿ ಬರೆಯುತ್ತದೆ, ಇನ್ನೂ ಕಲಿಯದ್ದನ್ನು ಅಮ್ಮನೋ ಅಪ್ಪನೋ ಪೆನ್ನಿನಲ್ಲಿ ತುಂಬಿಸುತ್ತಾರೆ. ಕೆಳಗೆ ಒಂದು ಚಿತ್ರ. ಜೂನಿನಲ್ಲಿ ಪುಟವೆಲ್ಲ ಪೆನ್ನು, ನಡುವೆ ಎಲ್ಲೋ ಒಂದು ಪೆನ್ಸಿಲಿನ "ರ". ತಿಂಗಳು ಹೋದ ಹಾಗೆ ಪೆನ್ನು ಕಡಿಮೆಯಾಗಿ ಪೆನ್ಸಿಲು ಹೆಚ್ಚಾಗುತ್ತದೆ. ಮಗು ಎಷ್ಟು ಕಲಿತಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಪುಟ ಮಗುಚಿದರೆ ಸಾಕು.

ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಹವ್ಯಕ ಹೀಗೆ ನಾನಾ ತರ. ಡೈರಿಯಲ್ಲಿ ಮನೆಮಾತು ನುಸುಳುತ್ತದೆ. ನಾನು ತಡೆಯುವುದಿಲ್ಲ. ಮಗುವೊಂದು ತನ್ನ ಮನೆಯ ದನ ಕರು ಹಾಕಿದ್ದನ್ನು ತುಳುವಿನಲ್ಲೇ ಹೇಳಿ ಕನ್ನಡ ಅಕ್ಷರದಲ್ಲಿ ಬರೆದು ತಂದಿತು. ತರಗತಿಯಲ್ಲಿ ಓದಿದಾಗ ತುಳು ಬಾರದ ಮಕ್ಕಳು ಅರ್ಥ ಕೇಳಿದರು, ಆ ಮಗುವೇ ಎದ್ದು ನಿಂತು ಕನ್ನಡದಲ್ಲಿ ವಿವರಿಸಿತು. ಅಲ್ಲಿಯವರೆಗೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಅದರ ಬಾಯಿಂದ ಕೇಳಿದವರಿರಲಿಲ್ಲ.

ತೆಂಗಿನತೋಟ (ತಿಪಟೂರು)

ಅಕ್ಕ, ಇದು ನನಗೆ ಬಹಳ ಹಿಡಿಸ್ತು. ಇವತ್ತಿನಿಂದಲೇ ಶುರು ಮಾಡ್ತೀನಿ. ಎರಡು ಸಂಶಯ. ಅವಳಿಗೆ ಇನ್ನೂ ಒತ್ತಕ್ಷರ ಬಂದಿಲ್ಲ. "ಅಜ್ಜಿ" ಅಂತ ಬರೀಬೇಕಾದ್ರೆ ಏನ್ ಮಾಡೋದು? ತಪ್ಪು ಬರೆದ್ರೆ ಅಲ್ಲೇ ತಿದ್ದಬೇಕಾ?

ಇನ್ನೊಂದು ಕಡೂರಿನ ಟೀಚರ್‌ಗೆ: ಅವಳು ಏಣಿಯಲ್ಲಿ ಎಲ್ಲಿದ್ದಾಳೆ ಅಂತ ನಾನು ಹೋಗಿ ಕೇಳಿದ್ರೆ ಟೀಚರ್ ಬೇಜಾರು ಮಾಡ್ಕೊಳ್ತಾರಾ?

ಕಲಿಕಾಚಪ್ಪರ (ಕಡೂರು)

ಬೇಜಾರಾ? ಸಂತೋಷ ಪಡ್ತಾರೆ ಮೇಡಂ. ಪ್ರತಿ ಮಗುವಿಗೂ ಪ್ರಗತಿ ನೋಟ ಅಂತ ಇರುತ್ತೆ, ಯಾವ ಮೈಲಿಗಲ್ಲು (ಏಣಿಯ ಕೆಲವು ಮೆಟ್ಟಿಲು ಸೇರಿದ ಒಂದು ಹಂತ) ಮುಗಿದಿದೆ ಅಂತ ಅದರಲ್ಲಿ ಗುರುತಾಗಿರುತ್ತೆ. ತಂದೆ-ತಾಯಿಗಳನ್ನ ಶಾಲೆಗೆ ಕರೆದು ಮಕ್ಕಳ ಪ್ರಗತಿ ಹೇಳೋ "ಸಮುದಾಯದತ್ತ ಶಾಲೆ" ದಿನ ಹೇಗೂ ತೋರಿಸ್ತಾರೆ, ಆದ್ರೆ ಆ ದಿನ ಗದ್ದಲ ಜಾಸ್ತಿ. ಶನಿವಾರ ಶಾಲೆ ಬಿಡೋ ಹೊತ್ತಿಗೆ ಹೋಗಿ. "ಎಷ್ಟು ಮಾರ್ಕ್ಸು" ಅಂತ ಕೇಳ್ಬೇಡಿ, "ಈಗ ಯಾವ ಮೈಲಿಗಲ್ಲು, ಯಾವುದರಲ್ಲಿ ತಡೀತಿದೆ" ಅಂತ ಕೇಳಿ. ಮಗಳನ್ನೂ ಜೊತೆಗೆ ನಿಲ್ಲಿಸ್ಕೊಳ್ಳಿ, ಏಣಿಯಲ್ಲಿ ತನ್ನ ಜಾಗವನ್ನ ಅವಳೇ ತೋರಿಸ್ತಾಳೆ. ತಲೆ ಎತ್ತಿ ಕಲಿಕಾ ಚಪ್ಪರವನ್ನೂ ನೋಡಿ, ಅವಳು ಮಾಡಿದ್ದು ಏನಾದ್ರೂ ದಾರದಲ್ಲಿ ತೂಗ್ತಿರುತ್ತೆ.

ಚಂದ್ರಗಿರಿ (ಕಾಸರಗೋಡು)

"ಅಜ್ಜಿ"ಯಲ್ಲಿ "ಅ" ಅವಳೇ ಪೆನ್ಸಿಲಿನಲ್ಲಿ ಬರೆಯಲಿ, "ಜ್ಜಿ" ನೀವು ಪೆನ್ನಿನಲ್ಲಿ ಬರೆಯಿರಿ. ಆಮೇಲೆ ಬೆರಳಿಟ್ಟು ಇಡೀ ಪದ ಅವಳೇ ಓದಲಿ. ತಪ್ಪು ಬರೆದರೆ ಅಳಿಸಬೇಡಿ, ಪಕ್ಕದಲ್ಲಿ ಸರಿಯಾದ್ದನ್ನು ಸುಮ್ಮನೆ ನೀವು ಬರೆದಿಡಿ ಸಾಕು. ವಾಕ್ಯ ಮಾತ್ರ ಅವಳದ್ದೇ ಇರಬೇಕು. "ನಾನು ಶಾಲೆಗೆ ಹೋದೆ, ಊಟ ಮಾಡಿದೆ" ಎಂದು ನೀವು ಹೇಳಿಕೊಟ್ಟರೆ ದಿನಾ ಅದೇ ಬರುತ್ತದೆ. ಅಜ್ಜಿಯ ಹತ್ತಿರ ಕೂತು ಕಾಯಿ ಎಣಿಸಿದ್ದನ್ನು ಕೇಳಿ ಬರೆಸಿ, ನಿಮ್ಮ ಅತ್ತೆಯವರಿಗೂ ಓದಿ ಹೇಳಲಿ. ದಿನ ತಪ್ಪಿದರೆ ತಪ್ಪಲಿ, ನಿದ್ದೆ ಬಂದ ಮಗುವನ್ನು ಎಬ್ಬಿಸಿ ಬರೆಸಬೇಡಿ.